ಹುರುಳಿಕಾಳು, ಇಲಿಯ ಹೊಟ್ಟೆ ಮತ್ತು ಅವ್ವನ ನೋವಿನ ಮಾತ್ರೆ

ಹೋದ ಸುಗ್ಗಿ ಮುಗಿದ ಮೇಲೆ ನಮ್ಮವ್ವನಿಗೆ ಮಂಡಿನೋವು ಜೋರಾಯಿತು. ಪಕ್ಕದ ಊರಿನ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಟ್ಟ ಮಾತ್ರೆಯನ್ನು ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಕಾಫಿ ಜೊತೆ ನುಂಗಿ ಗದ್ದೆಗೆ ಹೋಗುತ್ತಿದ್ದಳು. ನೋವು ನಿಲ್ಲುತ್ತಿತ್ತು. ಹಾಗಾಗಿ ಇನ್ನೊಂದು ಶೀಟು, ಮತ್ತೊಂದು ಶೀಟು. ಎರಡು ತಿಂಗಳು ಹೀಗೇ ನಡೆಯಿತು.

ಒಂದು ದಿನ ಹಿತ್ತಿಲಲ್ಲಿ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದು, 'ಅಮ್ಮಾ, ಮೋಷನ್ ಯಾವ ಬಣ್ಣ ಹೋಗ್ತಿತ್ತು?' ಎಂದು. ಅವ್ವ ನನ್ನ ಮುಖ ನೋಡಿ ನಾಚಿಕೊಂಡಳು. ಆಮೇಲೆ ಹೇಳಿದಳು. ನಾಲ್ಕು ದಿನದಿಂದ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ. ಹೊಟ್ಟೆಯೊಳಗೆ ರಕ್ತ ಸೋರಿ, ಜೀರ್ಣವಾಗಿ ಬಂದರೆ ಹಾಗೆ ಕಪ್ಪಾಗುತ್ತದಂತೆ. ಎಂಡೋಸ್ಕೋಪಿ ಮಾಡಿದರು. ಅಲ್ಸರ್. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ ಮುಖಕ್ಕೆ ಕಳೆ ಬಂತು.

ನೋಡಲು ಬಂದ ನಮ್ಮ ದೊಡ್ಡಪ್ಪ ಮಂಚದ ಪಕ್ಕ ಕೂತು, 'ನಿಮ್ ತಾತಂಗೂ ಇದೇ ಅಲ್ವೇನಪ್ಪ, ಹೊಟ್ಟೆ ಹುಣ್ಣು. ಮೈಸೂರಿಗೆ ಗಾಡಿ ಕಟ್ಕೊಂಡೋಗಿ ಕುಯ್ಸಿದ್ವಿ' ಅಂದರು. ಅದು 1960ರ ದಶಕದ ಮಾತು. ಆಗ ನಮ್ಮ ಕಡೆ ಹೊಟ್ಟೆ ಹುಣ್ಣಿಗೆ ಆಪರೇಷನ್ ಮಾಡಿಸಿಕೊಂಡವರು ಊರಿಗೆ ಒಬ್ಬಿಬ್ಬರು ಇರುತ್ತಿದ್ದರಂತೆ. ತಾತ ಯಾವ ನೋವಿನ ಮಾತ್ರೆಯನ್ನೂ ನುಂಗಿದವರಲ್ಲ. ಹಾಗಾದರೆ ಅವರಿಗೆ ಯಾಕೆ ಬಂತು?

ಸ್ಟ್ರಿಂಗರ್ ಕೆಲಸ ಮಾಡುವವನಿಗೆ ಕಾಯುವುದು ಅಭ್ಯಾಸ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಇದನ್ನೇ ಹುಡುಕುತ್ತಾ ಹೋದೆ. ಹುಡುಕಿದಷ್ಟೂ ದಾರಿ ನಮ್ಮ ಕಡೆಗೇ ತಿರುಗುತ್ತಿತ್ತು. ಮೈಸೂರಿಗೆ, ಕೂನೂರಿಗೆ, ಕೊನೆಗೆ ನಮ್ಮ ಹುರುಳಿಕಾಳಿಗೆ.

ಮೊದಲು ಒಂದು ಹಳೆಯ ಪ್ರಶ್ನೆ. ನಮ್ಮ ಜಠರದಲ್ಲಿ ಹುಟ್ಟುವುದು ಹೈಡ್ರೋಕ್ಲೋರಿಕ್ ಆಸಿಡ್. ಅದು ಮಾಂಸವನ್ನು ಕರಗಿಸುತ್ತದೆ. ಜಠರವೂ ಮಾಂಸವೇ. ಹಾಗಿದ್ದರೆ ಅದು ತನ್ನನ್ನೇ ಯಾಕೆ ಅರಗಿಸಿಕೊಳ್ಳುವುದಿಲ್ಲ? 1772ರಲ್ಲಿ ಜಾನ್ ಹಂಟರ್ ಎಂಬ ಲಂಡನ್ನಿನ ಸರ್ಜನ್ ಇದರ ಬಗ್ಗೆ ಬರೆದರು. ಹೆಣಗಳನ್ನು ಕೊಯ್ದು ನೋಡುವಾಗ ಕೆಲವು ಹೆಣಗಳ ಜಠರ ತನ್ನದೇ ರಸದಲ್ಲಿ ಕರಗಿ ತೂತಾಗಿರುವುದನ್ನು ಅವರು ಕಂಡಿದ್ದರು. ಸತ್ತ ಮೇಲೆ ಕರಗುತ್ತದೆ, ಬದುಕಿರುವಾಗ ಕರಗುವುದಿಲ್ಲ ಎಂದರೆ ಜೀವವಿರುವ ಜಠರದಲ್ಲಿ ಏನೋ ಒಂದು ಕಾವಲು ಇರಬೇಕು. ಆ ಕಾವಲು ಯಾವುದು ಎಂದು ತಿಳಿಯಲು ಇನ್ನೂರು ವರ್ಷ ಬೇಕಾಯಿತು.

ಇನ್ನು ನಮ್ಮ ದಕ್ಷಿಣಕ್ಕೆ ಬರೋಣ. ಹೊವಾರ್ಡ್ ಸಾಮರ್ವೆಲ್ ಅನ್ನುವ ಹೆಸರನ್ನು ಪರ್ವತ ಹತ್ತುವವರು ಕೇಳಿರುತ್ತಾರೆ. 1922 ಮತ್ತು 1924ರಲ್ಲಿ ಎವರೆಸ್ಟ್ ಹತ್ತಲು ಹೊರಟ ಬ್ರಿಟಿಷ್ ತಂಡದಲ್ಲಿದ್ದವರು. ಕಸುಬಿನಲ್ಲಿ ಅವರು ಸರ್ಜನ್. 1922ರ ಪ್ರಯತ್ನ ಮುಗಿದ ಮೇಲೆ ಇಂಡಿಯಾ ಸುತ್ತುತ್ತಾ ತಿರುವಾಂಕೂರಿನ ನೆಯ್ಯೂರಿಗೆ ಬಂದರು. ಈಗ ಅದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳ ಸಾಲು ನೋಡಿ ಅಲ್ಲೇ ಕೆಲಸಕ್ಕೆ ನಿಂತುಬಿಟ್ಟರು. ಆ ಸಾಲಿನಲ್ಲಿ ಹೊಟ್ಟೆ ಹುಣ್ಣಿನವರು ಎಷ್ಟಿದ್ದರೆಂದರೆ, 1936ರಲ್ಲಿ ಅವರೂ ಅವರ ಜೊತೆಗಾರ ಡಾಕ್ಟರ್ ಓರ್ ಅವರೂ ಸೇರಿ 2500 ರೋಗಿಗಳ ಲೆಕ್ಕ ಇಟ್ಟುಕೊಂಡು ಒಂದು ವರದಿ ಬರೆದರು. 

ಇವರಲ್ಲಿ ಹೆಚ್ಚಿನವರ ಹುಣ್ಣು ಇದ್ದದ್ದು ಜಠರದಲ್ಲಲ್ಲ, ಅದು ಮುಗಿದು ಸಣ್ಣಕರುಳು ಶುರುವಾಗುವ ಜಾಗದಲ್ಲಿ. ಅದಕ್ಕೆ ಡುವೋಡಿನಮ್ ಅನ್ನುತ್ತಾರೆ. ಹನ್ನೆರಡು ಬೆರಳಗಲ ಉದ್ದ ಅನ್ನುವುದರಿಂದ ಬಂದ ಲ್ಯಾಟಿನ್ ಹೆಸರು. ನಮ್ಮ ಲೆಕ್ಕದಲ್ಲಿ ಹನ್ನೆರಡು ಅಂಗುಲವೆಂದರೆ ಒಂದು ಗೇಣು.

ಅಲ್ಲಿನ ಬಡವರ ಊಟ ಮರಗೆಣಸು, ಜೊತೆಗೆ ಅಕ್ಕಿ, ಸ್ವಲ್ಪ ಮೀನು, ಖಾರ. ಊಟಕ್ಕೂ ಹುಣ್ಣಿಗೂ ಸಂಬಂಧವಿದೆಯೇ ಎನ್ನುವುದನ್ನು ಪ್ರಯೋಗಶಾಲೆಯಲ್ಲಿ ಇಟ್ಟು ನೋಡಿದವರು ಕೂನೂರಿನ ರಾಬರ್ಟ್ ಮೆಕ್ಯಾರಿಸನ್. ನೀಲಗಿರಿಯ ಆ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಮೆಕ್ಯಾರಿಸನ್ ಮಾಡಿದ ಕೆಲಸ ಕೇಳಿದರೆ ನಗು ಬರಬಹುದು. ಒಂದು ಗೂಡಿನ ಇಲಿಗಳಿಗೆ ಸಿಖ್ಖರ ಊಟ, ಒಂದು ಗೂಡಿಗೆ ಪಠಾಣರದು, ಮತ್ತೊಂದಕ್ಕೆ ಮರಾಠರದು, ಗೂರ್ಖರದು, ಬಂಗಾಳಿಗಳದು, ಮದ್ರಾಸಿಗಳದು. ಕನ್ನಡಿಗರದೂ ಒಂದು ಗೂಡು ಇತ್ತು! ಆಯಾ ಜನ ತಿನ್ನುವ ಹಾಗೇ ಬೇಯಿಸಿ ಹಾಕಿ, ಇಲಿಗಳು ಎಷ್ಟು ಬೆಳೆದವು ಎಂದು ತೂಗುತ್ತಿದ್ದರು. ಇಡೀ ಗೋಧಿಯ ಚಪಾತಿ, ಹಾಲು, ಬೆಣ್ಣೆ, ಬೇಳೆ, ಸೊಪ್ಪು ತಿಂದ ಸಿಖ್ಖರ ಗೂಡಿನ ಇಲಿಗಳು ಎಲ್ಲದರಲ್ಲೂ ಮುಂದೆ. ಮದ್ರಾಸಿನವು ಕೊನೆಯಲ್ಲಿ. ಏಳರಲ್ಲಿ ನಮ್ಮದು ಐದನೆಯದು.

ಆಮೇಲೆ ತಿರುವಾಂಕೂರಿನ ಬಡವರ ಊಟವನ್ನೂ ಹಾಕಿ ನೋಡಿದರು. ಆ ಇಲಿಗಳನ್ನು ಕೊಯ್ದು ನೋಡಿದಾಗ ಸುಮಾರು ಕಾಲುಭಾಗದವಕ್ಕೆ ಹೊಟ್ಟೆಯಲ್ಲಿ ಹುಣ್ಣು. ಮದ್ರಾಸಿನ ಊಟ ತಿಂದವಕ್ಕೆ ಅದಕ್ಕಿಂತ ಕಡಿಮೆ. ಸಿಖ್ಖರ ಊಟ ತಿಂದವಕ್ಕೆ ಇಲ್ಲ. ಇಲಿ ಸಾಲ ಮಾಡುವುದಿಲ್ಲ, ಬೀಡಿ ಸೇದುವುದಿಲ್ಲ, ಮಗಳ ಮದುವೆಗೆ ಚಿಂತೆ ಮಾಡುವುದಿಲ್ಲ. ಬದಲಾಗಿದ್ದು ಊಟ ಮಾತ್ರ. ಹಾಗಾಗಿ ಈ ಪ್ರಯೋಗಕ್ಕೆ ಬೆಲೆ.

ಸ್ವಾತಂತ್ರ್ಯ ಬಂದ ಮೇಲೆ ಇದೇ ಪ್ರಶ್ನೆಯನ್ನು ಮನುಷ್ಯರಲ್ಲಿ ಹಿಡಿದವರು ರೈಲ್ವೆಯ ವೈದ್ಯರಾಗಿದ್ದ ಎಸ್. ಎಲ್. ಮಲ್ಹೋತ್ರಾ. ಜಾಣ ಯೋಚನೆ ಅವರದು. ರೈಲ್ವೆಯವರಿಗೆ ದೇಶದ ತುಂಬ ಒಂದೇ ಥರದ ಕೆಲಸ, ಒಂದೇ ಸಂಬಳ, ಒಂದೇ ಥರದ ಆಸ್ಪತ್ರೆ. ರೋಗದಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಬೇರೆ ಕಾರಣ ಇರಬೇಕು. 1964ರಲ್ಲಿ ಅವರು ಬರೆದ ಪ್ರಕಾರ ದಕ್ಷಿಣದ ಅನ್ನ ತಿನ್ನುವ ನೌಕರರಲ್ಲಿ ಹುಣ್ಣು ಬಹಳ, ಪಂಜಾಬಿನ ಕಡೆಯವರಲ್ಲಿ ಬಹಳ ಕಡಿಮೆ. ಚಪಾತಿಯನ್ನು ಚೆನ್ನಾಗಿ ಅಗಿಯಬೇಕು, ಅಗಿದರೆ ಜೊಲ್ಲು ಹೆಚ್ಚು ಇಳಿಯುತ್ತದೆ, ಅದು ಹೊಟ್ಟೆಯನ್ನು ಕಾಯುತ್ತದೆ, ಅನ್ನ ಸಾರನ್ನು ಅಗಿಯದೆ ನುಂಗುತ್ತಾರೆ ಎಂಬುದು ಅವರ ವಾದ. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಮುದ್ದೆಯನ್ನು ಅಗಿದು ತಿಂದರೆ ನಮ್ಮ ಕಡೆ ಪಂಕ್ತಿಯಲ್ಲಿ ನಗುತ್ತಾರೆ. ಮಲ್ಹೋತ್ರಾ ಮುದ್ದೆ ಉಂಡಿದ್ದರೋ ಇಲ್ಲವೋ.

ಆದರೆ ಅವರ ಇನ್ನೊಂದು ಕೆಲಸ ಗಟ್ಟಿಯಾದದ್ದು. ಹುಣ್ಣು ಮಾಗಿದ ಅನ್ನದೂಟದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅನ್ನವನ್ನೇ ಮುಂದುವರಿಸಿ, ಇನ್ನೊಂದಕ್ಕೆ ತೌಡು ತೆಗೆಯದ ಗೋಧಿ ಕೊಟ್ಟು ಐದು ವರ್ಷ ನೋಡಿದರು. 1978ರಲ್ಲಿ ಫಲ ಪ್ರಕಟವಾಯಿತು. ಗೋಧಿಯವರಲ್ಲಿ 14% ಜನಕ್ಕೆ ಹುಣ್ಣು ಮರಳಿತು, ಅನ್ನದವರಲ್ಲಿ 81% ಜನಕ್ಕೆ. ಗುಂಪು ಚಿಕ್ಕದು, ನಿಜ. ಆದರೂ ಅಂತರ ಚಿಕ್ಕದಲ್ಲ.

ಈಗ ಮೈಸೂರು. ನಮ್ಮ ಹಿರಿಯರು 'ಮಿಷನ್ ಆಸ್ಪತ್ರೆ' ಅನ್ನುತ್ತಿದ್ದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950ರ ದಶಕದಿಂದ 1967ರವರೆಗೆ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಸರ್ಜನ್ ಇದ್ದರು. ಅದಕ್ಕೆ ಮೊದಲು ಚೀನಾದಲ್ಲಿ ಕೆಲಸ ಮಾಡಿದ್ದವರು. ಕುಷ್ಠರೋಗದಿಂದ ಮಡಚಿಹೋದ ಕೈಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು. ಅವರ ಮೇಜಿನ ಮೇಲೆ ಮತ್ತೆ ಮತ್ತೆ ಬರುತ್ತಿದ್ದದ್ದು ಡುವೋಡಿನಮ್ ಹುಣ್ಣು. ಅದೂ ಎಷ್ಟೋ ವರ್ಷ ಹಳೆಯದು. ಹುಣ್ಣು ಮಾಗಿ, ಮತ್ತೆ ಆಗಿ, ಗಾಯದ ಗುರುತು ಗಟ್ಟಿಯಾಗಿ ಜಠರದ ಕೆಳಬಾಯಿಯೇ ಮುಚ್ಚಿಹೋಗುತ್ತಿತ್ತು. ಅಂಥವರು ಇವತ್ತು ಸಂಜೆ ವಾಂತಿ ಮಾಡಿದರೆ ನಿನ್ನೆ ಮಧ್ಯಾಹ್ನದ ಅನ್ನ ಬರುತ್ತಿತ್ತು. ದೊಡ್ಡಪ್ಪ ತಾತನ ಬಗ್ಗೆ ಹೇಳಿದ್ದೂ ಇದನ್ನೇ. ಆಗ ಇದಕ್ಕೆ ಮದ್ದಿರಲಿಲ್ಲ. ಜಠರಕ್ಕೂ ಕರುಳಿಗೂ ಹೊಸ ದಾರಿ ಹೊಲಿಯಬೇಕು, ಆಸಿಡ್ ಹುಟ್ಟಿಸುವ ನರ ಕತ್ತರಿಸಬೇಕು.

ಇಂಗ್ಲೆಂಡಿಗೆ ವಾಪಸಾದ ಮೇಲೂ ಟೋವಿ ಈ ಪ್ರಶ್ನೆಯನ್ನು ಬಿಡಲಿಲ್ಲ. ಇಂಡಿಯಾ, ಬಾಂಗ್ಲಾದೇಶದ ಆಸ್ಪತ್ರೆಗಳಿಂದ ಮಾಹಿತಿ ಸೇರಿಸಿ ಯಾವ ಸೀಮೆಯಲ್ಲಿ ಹುಣ್ಣು ಹೆಚ್ಚು, ಯಾವ ಸೀಮೆಯಲ್ಲಿ ಕಡಿಮೆ ಎಂದು 1979ರಲ್ಲಿ ಪ್ರಕಟಿಸಿದರು. ಪಾಲಿಶ್ ಅಕ್ಕಿ, ಮರಗೆಣಸು ಮುಖ್ಯ ಊಟವಾದ ಕಡೆ ಹೆಚ್ಚು. ತೌಡಿನ ಸಮೇತ ಗೋಧಿ, ಕೆಲವು ಸಿರಿಧಾನ್ಯ, ಕೆಲವು ಕಾಳುಗಳು ಮುಖ್ಯವಾದ ಕಡೆ ಕಡಿಮೆ. ಇಷ್ಟರವರೆಗೆ ಮೆಕ್ಯಾರಿಸನ್ ಹೇಳಿದ್ದೇ. ಟೋವಿ ಮುಂದೆ ಹೋಗಿ ಕೇಳಿದ್ದು ಇದು: ಅಕ್ಕಿ ಹುಣ್ಣು ಮಾಡುತ್ತದೋ, ಅಥವಾ ಬೇರೆ ಧಾನ್ಯಗಳಲ್ಲಿರುವ ಯಾವುದೋ ಒಂದು ಪದಾರ್ಥ ಹುಣ್ಣನ್ನು ತಡೆಯುತ್ತದೋ?

ಇದನ್ನು ಇಲಿಯಲ್ಲಿ ನೋಡಲು ದಾರಿ ಆಗಲೇ ಇತ್ತು. 1945ರಲ್ಲಿ ಅಮೆರಿಕದ ಹ್ಯಾರಿ ಶೇ ತೋರಿಸಿಕೊಟ್ಟಿದ್ದು. ಹಸಿದ ಇಲಿಗೆ ಮತ್ತು ಕೊಟ್ಟು, ಹೊಟ್ಟೆ ತೆರೆದು, ಜಠರದ ಕೆಳಬಾಯಿಗೆ ದಾರ ಕಟ್ಟಿ ಮತ್ತೆ ಹೊಲಿಯುತ್ತಾರೆ. ಆಸಿಡ್ ಹೊರಹೋಗಲು ಜಾಗವಿಲ್ಲದೆ ತುಂಬಿ, ಕೆಲವೇ ಗಂಟೆಗಳಲ್ಲಿ ಹುಣ್ಣಾಗುತ್ತದೆ. ಬರೆಯುವಾಗಲೇ ಹೊಟ್ಟೆ ತೊಳಸುತ್ತದೆ. ಆದರೆ ಇವತ್ತು ನಾವು ನುಂಗುವ ಹೊಟ್ಟೆಯ ಔಷಧಿಗಳಲ್ಲಿ ಹಲವು ಇಂಥ ಇಲಿಗಳನ್ನು ದಾಟಿಯೇ ಬಂದವು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎ. ಪಿ. ಜಯರಾಜ್ ಅವರೂ ಟೋವಿಯೂ ಹುಣ್ಣು ಕಡಿಮೆಯಿರುವ ಸೀಮೆಗಳ ಆಹಾರವನ್ನು ಒಂದೊಂದಾಗಿ ಇಲಿಗಳಿಗೆ ಕೊಟ್ಟು, ಆಮೇಲೆ ಹುಣ್ಣು ಬರಿಸಿ, ಎಷ್ಟು ಹುಣ್ಣಾಯಿತು ಎಂದು ನೋಡಿದರು. 1980ರಲ್ಲಿ ಫಲಿತಾಂಶ ಬಂತು. ಆ ಆಹಾರ ತಿಂದ ಇಲಿಗಳಿಗೆ ರಕ್ಷಣೆ ಸಿಕ್ಕಿತ್ತು. ಮುಂದಿನ ಪರೀಕ್ಷೆಗಳಿಗೆ ಅವರು ಆರಿಸಿಕೊಂಡ ಕಾಳು 'ಡಾಲಿಕಾಸ್ ಬೈಫ್ಲೋರಸ್'. ಹಾಗೆಂದರೆ ಯಾವುದೋ ವಿದೇಶಿ ಕಾಳು ಅಂದುಕೊಂಡೆ. ನೋಡಿದರೆ ಹುರುಳಿ! ಇಂಗ್ಲಿಷಿನಲ್ಲಿ ಕುದುರೆಯ ಹೆಸರು ಸೇರಿಸಿ ಕರೆಯುವ, ನಮ್ಮಲ್ಲಿ ಎತ್ತಿಗೆ ಬೇಯಿಸಿ ಹಾಕಿ, ಬಸಿದ ಕಟ್ಟಿನಲ್ಲಿ ನಾವು ಸಾರು ಮಾಡಿಕೊಳ್ಳುವ ಅದೇ ಹುರುಳಿ.

ಕಾಳಿನಲ್ಲಿ ಯಾವ ಭಾಗ ಕಾಯುತ್ತದೆ ಎಂದು ಬಿಡಿಸುತ್ತಾ ಹೋದಾಗ ಸಿಕ್ಕಿದ್ದು ಅದರ ಕೊಬ್ಬಿನ ಅಂಶ. ಅದರಲ್ಲೂ ಫಾಸ್ಫೊಲಿಪಿಡ್ ಮತ್ತು ಸ್ಟೆರಾಲ್ ಎಂಬ ಎರಡು ಬಗೆ. ಈ ಕೆಲಸ 2000ದ ನಂತರವೂ ನಡೆಯಿತು. ಈ ಕೊಬ್ಬಿನ ಅಂಶ ಇಲಿಯಲ್ಲಿ ನೋವಿನ ಮಾತ್ರೆಯಿಂದ ಆಗುವ ಹುಣ್ಣನ್ನೂ ತಡೆಯಿತು ಎಂದು ಓದಿದಾಗ ನಾನು ಬೆಂಚಿನಿಂದ ಎದ್ದು ಕೂತೆ. ಅವ್ವನ ಹುಣ್ಣು ಅದೇ ಅಲ್ಲವೇ.

ನೋವಿನ ಮಾತ್ರೆ ಹೊಟ್ಟೆಗೆ ಏನು ಮಾಡುತ್ತದೆ ಅನ್ನುವುದನ್ನು ಕಂಡುಕೊಂಡಿದ್ದು 1971ರಲ್ಲಿ, ಲಂಡನ್ನಿನ ಜಾನ್ ವೇನ್. ನಮ್ಮ ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ಪದಾರ್ಥಗಳು ಹುಟ್ಟುತ್ತವೆ. ಮಂಡಿಯಲ್ಲಿ ಅವು ನೋವು, ಊತ ತರುತ್ತವೆ. ಆಸ್ಪಿರಿನ್‌ನಂಥ ಮಾತ್ರೆ ಅವು ಹುಟ್ಟದಂತೆ ತಡೆದು ನೋವು ನಿಲ್ಲಿಸುತ್ತದೆ. 1982ರಲ್ಲಿ ವೇನ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ತೊಂದರೆ ಏನೆಂದರೆ, ಜಠರದಲ್ಲಿ ಅದೇ ಪ್ರೋಸ್ಟಗ್ಲಾಂಡಿನ್ ಕಾವಲುಗಾರ. ಒಳಗೋಡೆಗೆ ಲೋಳೆ ಹಚ್ಚಿಸುವುದು, ಆಸಿಡ್ಡನ್ನು ಸಪ್ಪೆ ಮಾಡುವ ಕ್ಷಾರ ಸುರಿಸುವುದು, ಗೋಡೆಗೆ ರಕ್ತ ಹರಿಸುವುದು ಅದರ ಕೆಲಸ. ಮಾತ್ರೆಗೆ ಮಂಡಿ ಯಾವುದು ಹೊಟ್ಟೆ ಯಾವುದು ಎಂದು ಗೊತ್ತಾಗುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಇದೇ ಜಾತಿ. ಮಾತ್ರೆ ಊಟದ ಮೇಲೆ ನುಂಗಿದರೂ ರಕ್ತದ ಮೂಲಕ ಇದೇ ಕೆಲಸ ಮಾಡುತ್ತದೆ.

ಆ ಕಾವಲು ಎಷ್ಟು ಗಟ್ಟಿ ಅನ್ನುವುದನ್ನು 1979ರಲ್ಲಿ ಅಮೆರಿಕದ ಕಲಮಜೂ ಊರಿನ ಅಪ್‌ಜಾನ್ ಕಂಪನಿಯ ವಿಜ್ಞಾನಿ ಆಂದ್ರೆ ರಾಬರ್ಟ್ ತೋರಿಸಿದರು. ಇಲಿಗಳ ಹೊಟ್ಟೆಗೆ ಶುದ್ಧ ಆಲ್ಕೋಹಾಲ್ ಬಿಟ್ಟರು. ಇನ್ನು ಕೆಲವಕ್ಕೆ ಕಟುವಾದ ಆಸಿಡ್, ಕೆಲವಕ್ಕೆ ಕ್ಷಾರ, ಕೆಲವಕ್ಕೆ ಕುದಿಯುವ ನೀರು. ಒಳಗೋಡೆ ಸುಟ್ಟು ರಕ್ತ ಕಟ್ಟಿತು. ಆದರೆ ಮೊದಲೇ ಚೂರೇ ಚೂರು ಪ್ರೋಸ್ಟಗ್ಲಾಂಡಿನ್ ಕೊಟ್ಟಿದ್ದ ಇಲಿಗಳ ಜಠರ ಹೆಚ್ಚುಕಡಿಮೆ ಹಾಗೇ ಇತ್ತು. ಆ ಚೂರು ಆಸಿಡ್ ಕಡಿಮೆ ಮಾಡಲು ಸಾಲುವಷ್ಟೂ ಇರಲಿಲ್ಲ. ಎಂದರೆ ಆಸಿಡ್ ಇದ್ದರೂ ಗೋಡೆಯನ್ನು ಕಾಯಬಹುದು. ಹಂಟರ್ ಹುಡುಕುತ್ತಿದ್ದ ಕಾವಲುಗಾರನ ಮುಖ ಕಂಡಿದ್ದು ಇಲ್ಲಿ. ರಾಬರ್ಟ್ ಇದನ್ನು 'ಸೈಟೋಪ್ರೊಟೆಕ್ಷನ್' ಎಂದು ಕರೆದರು, ಜೀವಕೋಶದ ರಕ್ಷಣೆ ಅಂತ. ಸೌಮ್ಯವಾಗಿ ಕೆರಳಿಸುವ ವಸ್ತುವನ್ನು ಮೊದಲು ಕೊಟ್ಟರೆ ಜಠರ ತಾನೇ ಪ್ರೋಸ್ಟಗ್ಲಾಂಡಿನ್ ಹುಟ್ಟಿಸಿಕೊಂಡು ಆಮೇಲಿನ ದೊಡ್ಡ ಪೆಟ್ಟನ್ನು ತಡೆದುಕೊಳ್ಳುತ್ತದೆ ಎಂದೂ ಅವರೇ ಮುಂದೆ ತೋರಿಸಿದರು.

ಇಷ್ಟರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದ ಸುದ್ದಿ ಎಲ್ಲವನ್ನೂ ತಲೆಕೆಳಗು ಮಾಡಿತು. 1982ರಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹುಣ್ಣಿನವರ ಜಠರದಿಂದ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಅದೂ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಎರಡು ದಿನದ ಬದಲು ಐದು ದಿನ ಬಿಟ್ಟಿದ್ದರಿಂದ. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಕಾಯಿಲೆ ಬಿದ್ದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಈಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಕ್ರಿಮಿ ಇದೆಯೇ ಎಂದು ಪರೀಕ್ಷೆ ಮಾಡಿ, ಇದ್ದರೆ ಆಂಟಿಬಯೋಟಿಕ್ ಕೋರ್ಸ್ ಕೊಡುತ್ತಾರೆ. ತಾತನಿಗೆ ಚಾಕು ಹಾಕಿದ ಕಾಯಿಲೆ ಇವತ್ತು ಎರಡು ವಾರದ ಮಾತ್ರೆಯದು.

ಹಾಗಾದರೆ ಟೋವಿ ಮಾಡಿದ್ದು ವ್ಯರ್ಥವೇ? ಅವರೇ ಇದಕ್ಕೆ ಉತ್ತರ ಕೊಟ್ಟಿದ್ದರು. ಆ ಕ್ರಿಮಿ ನಮ್ಮ ದೇಶದಲ್ಲಿ ಉತ್ತರ, ದಕ್ಷಿಣ ಎನ್ನದೆ ಬಹುಪಾಲು ಜನರ ಹೊಟ್ಟೆಯಲ್ಲಿದೆ. ಇದ್ದವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದಿಲ್ಲ. ಕ್ರಿಮಿ ಒಂದೇ ಆದರೆ ಪಂಜಾಬಿನಲ್ಲಿ ಹುಣ್ಣು ಕಡಿಮೆ, ನೆಯ್ಯೂರಿನಲ್ಲಿ ಹೆಚ್ಚು ಯಾಕಿತ್ತು? ಕ್ರಿಮಿ ಕಂಡುಹಿಡಿದವರು ಪ್ರಶ್ನೆಯ ಅರ್ಧಕ್ಕೆ ಉತ್ತರ ಕೊಟ್ಟರು, ಊಟದ ಅರ್ಧ ಹಾಗೇ ಉಳಿದಿದೆ ಅನ್ನುವುದು ನನ್ನ ಅನಿಸಿಕೆ. ನೊಬೆಲ್ ಬಂದ ಕಡೆಗೇ ಎಲ್ಲರ ಕಣ್ಣು ಹೋಯಿತು.

ಇದನ್ನು ಓದಿ ಯಾರೂ ನಾಳೆ 'ಹುರುಳಿಯಿಂದ ಅಲ್ಸರ್ ಮಾಯ' ಎಂದು ವಾಟ್ಸಾಪಿನಲ್ಲಿ ಹಾಕಬೇಡಿ, ದಮ್ಮಯ್ಯ. ಲಂಡನ್ನಿನ ಇಲಿಗಳನ್ನು ಕಾಯ್ದದ್ದು ಕಾಳಿನಿಂದ ಬೇರೆ ಮಾಡಿದ ಕೊಬ್ಬು. 100 ಗ್ರಾಂ ಹುರುಳಿಯಲ್ಲಿ ಕೊಬ್ಬು ಒಂದು ಗ್ರಾಂ ಕೂಡ ಇಲ್ಲ. ಕಪ್ಪು ಮೋಷನ್ ಆಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಸಾರು ಕುಡಿದು ಕೂರುವಂತಿಲ್ಲ. ಹಾಗೇ ಹೃದಯಕ್ಕೆಂದು ಡಾಕ್ಟರು ಬರೆದುಕೊಟ್ಟ ಆಸ್ಪಿರಿನ್ನನ್ನು ಇದನ್ನು ಓದಿ ನೀವೇ ನಿಲ್ಲಿಸಬೇಡಿ, ಅವರನ್ನು ಕೇಳಿ.

ಅವ್ವ ಈಗ ಮನೆಯಲ್ಲಿದ್ದಾಳೆ. ನೋವಿನ ಮಾತ್ರೆ ನಿಂತಿದೆ, ಆಸಿಡ್ ತಗ್ಗಿಸುವ ಮಾತ್ರೆ ಬೆಳಗ್ಗೆ ಊಟಕ್ಕೆ ಮುಂಚೆ ನಡೆಯುತ್ತಿದೆ. ಮಂಡಿಗೆ ಬಿಸಿನೀರಿನ ಶಾಖ. ಮೊನ್ನೆ ರಾತ್ರಿ ಹುರುಳಿ ಬಸ್ಸಾರಿಗೆ ಮುದ್ದೆ ಮುರಿಯುತ್ತಾ ಈ ಲಂಡನ್ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

'ಇಲಿಗೆ ಹುರುಳಿ ಹಾಕಿ ಸಾಕೋರಾ?' ಅಂದಳು. 'ನಮ್ ಪಣತದಾಗೆ ಬಾ ಅನ್ನು, ಪುಕ್ಸಟ್ಟೆ ತಿಂತವೆ.'